ಸೋತವರ ಜೇಬಿನಲ್ಲಿ ಇರಬೇಕಿದ್ದ ಒಂದು ಹಾಳೆ

ಗ್ರಾಮ ಪಂಚಾಯಿತಿ ಚುನಾವಣೆಯ ಮತ ಎಣಿಕೆ 2020ರ ಡಿಸೆಂಬರ್ 30ರಂದು ನಡೆಯಿತು. ಅದಾಗಿ ಒಂದು ವಾರ ಕಳೆಯುವಷ್ಟರಲ್ಲಿ ರಾಯಚೂರು ಜಿಲ್ಲೆಯ ಹಳ್ಳಿಯೊಂದರ ರೈತರೊಬ್ಬರು ನನ್ನ ಕಚೇರಿಯ ಬೆಂಚಿನ ಮೇಲೆ ಬಂದು ಕೂತರು. "ಎಲ್ಡ ಎಲ್ಡು ಓಟ್ರಿ ಸಾಹೇಬ್ರ. ಇನ್ನೊಮ್ಮಿ ಎಣಿಸಿದ್ರ ನಾನ ಗೆಲ್ತೀನಿ" ಎಂದರು. ಎಣಿಕೆ ಕೇಂದ್ರದಲ್ಲಿ ಬರೆದು ಕೊಟ್ಟಿದ್ದೀರಾ ಎಂದು ಕೇಳಿದೆ. ಬಾಯಿಮಾತಿನಲ್ಲಿ ಹೇಳಿದ್ದರು, ಅದೂ ಫಲಿತಾಂಶದ ನಮೂನೆಗೆ ಸಹಿ ಬಿದ್ದ ಮೇಲೆ. ಅವರ ಎಣಿಕೆ ಏಜೆಂಟರಾಗಿದ್ದ ಅಳಿಯ ಬೆಳಗಿನಿಂದ ಮೇಜಿನ ಮುಂದೆ ನಿಂತು ದಣಿದು, ಒಟ್ಟು ಮತಗಳನ್ನು ಓದಿ ಹೇಳುವ ಹೊತ್ತಿಗೆ ಸರಿಯಾಗಿ ಮಂಡಾಳು ಒಗ್ಗರಣೆ ತಿನ್ನಲು ಗೇಟಿನಾಚೆ ಹೋಗಿದ್ದ.

ನನ್ನ ಅನುಭವದಲ್ಲಿ ಸ್ಥಳೀಯ ಚುನಾವಣೆಯ ತಕರಾರುಗಳಲ್ಲಿ ಹೆಚ್ಚಿನವು ನ್ಯಾಯಾಲಯದಲ್ಲಿ ಸೋಲುವುದಿಲ್ಲ. ಆ ಒಗ್ಗರಣೆಯ ಹೊತ್ತಿನಲ್ಲೇ ಸೋತಿರುತ್ತವೆ. ಎಣಿಕೆ ಮುಗಿದ ಕೂಡಲೇ ಚುನಾವಣಾಧಿಕಾರಿಯು ಪ್ರತಿ ಅಭ್ಯರ್ಥಿಗೆ ಬಂದ ಮತಗಳ ಮೊತ್ತವನ್ನು ಪ್ರಕಟಿಸುತ್ತಾರೆ. ಇದು ಗೆದ್ದವರ ಹೆಸರಿನ ಘೋಷಣೆಯಲ್ಲ, ಅಂಕಿಗಳ ಪ್ರಕಟಣೆ ಮಾತ್ರ. ಈ ಪ್ರಕಟಣೆಗೂ ಫಲಿತಾಂಶದ ನಮೂನೆಗೆ ಅಧಿಕಾರಿ ಸಹಿ ಹಾಕುವುದಕ್ಕೂ ನಡುವೆ ಇರುವ ಕೆಲವೇ ನಿಮಿಷಗಳಲ್ಲಿ ಅಭ್ಯರ್ಥಿಯಾಗಲಿ ಆತನ ಏಜೆಂಟರಾಗಲಿ ಕಾರಣಗಳನ್ನು ನಮೂದಿಸಿ ಲಿಖಿತವಾಗಿ ಮರುಎಣಿಕೆ ಕೇಳಬಹುದು. ಕೇಳಿದ ಮೇಲೆ ಅಧಿಕಾರಿಯು ಅದನ್ನು ಪೂರ್ತಿಯಾಗಿಯೋ ಭಾಗಶಃವೋ ಒಪ್ಪಬಹುದು, ಹುರುಳಿಲ್ಲದ ಕೋರಿಕೆ ಎನಿಸಿದರೆ ತಿರಸ್ಕರಿಸಲೂಬಹುದು; ಆದರೆ ತೀರ್ಮಾನವನ್ನು ಕಾರಣಸಹಿತ ಬರೆದೇ ಕೊಡಬೇಕು. ಸಹಿ ಬಿದ್ದ ಬಳಿಕ ಅವರ ಅಧಿಕಾರ ಅಲ್ಲಿಗೆ ಮುಗಿಯಿತು. ಆಮೇಲೆ ತಹಸೀಲ್ದಾರರ ಬಳಿ ಹೋದರೂ ಜಿಲ್ಲಾಧಿಕಾರಿಗಳ ಬಳಿ ಹೋದರೂ ಉತ್ತರ ಒಂದೇ. ಸಂವಿಧಾನದ 243-ಒ ವಿಧಿಯು ಪಂಚಾಯಿತಿ ಚುನಾವಣೆಯನ್ನು ಚುನಾವಣಾ ತಕರಾರು ಅರ್ಜಿಯ ಮೂಲಕವಲ್ಲದೆ ಬೇರಾವ ದಾರಿಯಲ್ಲೂ ಪ್ರಶ್ನಿಸುವಂತಿಲ್ಲ ಎಂದು ಹೇಳುತ್ತದೆ. ನಗರಸಭೆ, ಪುರಸಭೆಗಳಿಗೆ 243-ಝಡ್‌ಜಿ ವಿಧಿಯಲ್ಲಿ ಇದೇ ಮಾತಿದೆ.

ಹಾಗಾದರೆ ಆ ಹಾಳೆಯಲ್ಲಿ ಏನು ಬರೆಯಬೇಕು? "ಅಂತರ ಕಡಿಮೆ ಇದೆ, ದಯವಿಟ್ಟು ಮತ್ತೆ ಎಣಿಸಿ" ಎಂದಲ್ಲ. ಎಷ್ಟನೇ ಮೇಜು, ಯಾವ ಮತಗಟ್ಟೆಯ ಪೆಟ್ಟಿಗೆ, ಯಾರ ಕಟ್ಟಿನಲ್ಲಿ ಯಾರ ಮತಪತ್ರ ಸೇರಿತ್ತು, ಕುಲಗೆಟ್ಟ ಮತಗಳೆಂದು ಬದಿಗಿಟ್ಟವುಗಳಲ್ಲಿ ಎಷ್ಟಕ್ಕೆ ತಮ್ಮ ಏಜೆಂಟರು ಆಕ್ಷೇಪ ಎತ್ತಿದ್ದರು ಮತ್ತು ಯಾವ ಕಾರಣಕ್ಕೆ ಎಂಬ ವಿವರ ಬೇಕು. ಇದನ್ನು ಬರೆಯಬೇಕಾದರೆ ಬೆಳಗಿನಿಂದಲೇ ಏಜೆಂಟರ ಕೈಯಲ್ಲಿ ಪೆನ್ನು, ನೋಟುಪುಸ್ತಕ ಇರಬೇಕಾಗುತ್ತದೆ. ನಮ್ಮ ಕಡೆ ಏಜೆಂಟರನ್ನು ಆರಿಸುವಾಗ ಗಟ್ಟಿ ದನಿ ಇದೆಯೇ ಎಂದು ನೋಡುತ್ತಾರೆ, ಚೊಕ್ಕ ಬರವಣಿಗೆ ಇದೆಯೇ ಎಂದು ನೋಡುವವರು ಕಡಿಮೆ.

ಕುಲಗೆಟ್ಟ ಮತಗಳ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಮತಪತ್ರದ ಚುನಾವಣೆಯಲ್ಲಿ ಜಗಳ ಹುಟ್ಟುವುದೇ ಅಲ್ಲಿ. ಬಾಣದ ಗುರುತಿನ ರಬ್ಬರ್ ಮೊಹರನ್ನು ಹಸಿ ಮಸಿಯಲ್ಲಿ ಒತ್ತಿ ಚೀಟಿಯನ್ನು ತಕ್ಷಣ ಮಡಚಿದರೆ, ಮಡಿಕೆಯ ಆಚೆಗಿರುವ ಇನ್ನೊಬ್ಬ ಅಭ್ಯರ್ಥಿಯ ಚಿಹ್ನೆಯ ಮೇಲೂ ಮಸುಕಾದ ಅಚ್ಚು ಮೂಡುತ್ತದೆ. ಅವಸರದಲ್ಲಿರುವ ಎಣಿಕೆ ಸಿಬ್ಬಂದಿಗೆ ಅದು ಎರಡು ಕಡೆ ಹಾಕಿದ ಮತದಂತೆ ಕಾಣುತ್ತದೆ. ಆದರೆ ಆ ಮೊಹರಿನಲ್ಲಿ ಬಾಣಗಳು ಒಂದೇ ದಿಕ್ಕಿಗೆ ಸುತ್ತುವಂತಿರುವುದರಿಂದ, ಮಡಿಕೆಯಿಂದ ಅಂಟಿದ ಅಚ್ಚಿನಲ್ಲಿ ಅವು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿರುತ್ತವೆ. ಬೆಳಕಿಗೆ ಹಿಡಿದು ಮಡಿಕೆಯ ಗೆರೆಯ ಮೇಲೆ ಮತ್ತೆ ಮಡಚಿದರೆ ಎರಡೂ ಗುರುತುಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತವೆ. ಅಂಥ ಮತ ಸಿಂಧು. ಮತದಾರನ ಇಂಗಿತ ಸ್ಪಷ್ಟವಾಗಿದ್ದರೆ ಗುರುತು ಮಸುಕಾಗಿದೆ ಎಂಬ ಒಂದೇ ಕಾರಣಕ್ಕೆ ಚೀಟಿಯನ್ನು ತಿರಸ್ಕರಿಸುವಂತಿಲ್ಲ; ಮತಗಟ್ಟೆಯ ಅಧ್ಯಕ್ಷಾಧಿಕಾರಿ ಸಹಿ ಹಾಕಲು ಮರೆತದ್ದಕ್ಕೆ ಮತದಾರನನ್ನು ಶಿಕ್ಷಿಸುವಂತೆಯೂ ಇಲ್ಲ. ಬೆರಳಚ್ಚು ಒತ್ತಿದ, ಹೆಸರು ಬರೆದ, ಮತದಾರನ ಗುರುತು ಸಿಗುವಂಥ ಚೀಟಿಗಳು ಮಾತ್ರ ನಿಸ್ಸಂದೇಹವಾಗಿ ಹೊರಗೆ. ಒಂದಕ್ಕಿಂತ ಹೆಚ್ಚು ಸ್ಥಾನಗಳಿರುವ ಪಂಚಾಯಿತಿ ಕ್ಷೇತ್ರದಲ್ಲಿ ಮತದಾರನಿಗೆ ಸ್ಥಾನಗಳಿದ್ದಷ್ಟೇ ಮತಗಳಿರುವುದರಿಂದ ಈ ಗೊಂದಲ ಇನ್ನಷ್ಟು ಬೆಳೆಯುತ್ತದೆ.

ಮತಗಳು ಸರಿಸಮವಾದರೆ ಚೀಟಿ ಎತ್ತುತ್ತಾರೆ. ಅದರ ಬಗ್ಗೆ ಕಾನೂನಿನಲ್ಲಿ ಹೆಚ್ಚು ಹೇಳುವುದೇನಿಲ್ಲ.

ಇನ್ನು ನ್ಯಾಯಾಲಯದ ಮಾತು. ಗ್ರಾಮ ಪಂಚಾಯಿತಿ ಸದಸ್ಯರ ಆಯ್ಕೆಯನ್ನು ಪ್ರಶ್ನಿಸುವ ಅರ್ಜಿಯನ್ನು ಫಲಿತಾಂಶ ಘೋಷಣೆಯಾದ 30 ದಿನಗಳೊಳಗೆ ನಿಗದಿತ ಸಿವಿಲ್ ನ್ಯಾಯಾಲಯಕ್ಕೆ ಸಲ್ಲಿಸಬೇಕು. ಸೋತ ಅಭ್ಯರ್ಥಿ ಮಾತ್ರವಲ್ಲ, ಆ ಕ್ಷೇತ್ರದ ಮತದಾರರೂ ಸಲ್ಲಿಸಬಹುದು. ವಿಧಾನಸಭೆಯ ಚುನಾವಣೆಗಾದರೆ 45 ದಿನ, ನೇರವಾಗಿ ಹೈಕೋರ್ಟಿಗೆ. ರಾಯಚೂರಿನವರು ಕಲಬುರಗಿ ಪೀಠಕ್ಕೂ ಬಳ್ಳಾರಿ, ಕೊಪ್ಪಳದವರು ಧಾರವಾಡ ಪೀಠಕ್ಕೂ ಹೋಗುತ್ತಾರೆ. ಹಬ್ಬ, ಜಾತ್ರೆ, ಭತ್ತದ ಕೊಯ್ಲು ಮುಗಿಯಲಿ ಎಂದು ಕಾದವರ ಅರ್ಜಿಯನ್ನು ಮೂವತ್ತೊಂದನೆಯ ದಿನ ಉಳಿಸುವ ಉಪಾಯ ನನಗೆ ತಿಳಿದಿಲ್ಲ.

ಅರ್ಜಿ ಹಾಕಿದ ಮಾತ್ರಕ್ಕೆ ಪೆಟ್ಟಿಗೆ ತೆರೆಯುವುದಿಲ್ಲ. ರಾಮ್ ಸೇವಕ್ ಯಾದವ್ ಪ್ರಕರಣದಲ್ಲಿ 1964ರಲ್ಲಿ ಸುಪ್ರೀಂ ಕೋರ್ಟ್ ಹಾಕಿಕೊಟ್ಟ ಗೆರೆಯನ್ನೇ ನ್ಯಾಯಾಲಯಗಳು ಇಂದಿಗೂ ಅನುಸರಿಸುತ್ತಿವೆ: ಅರ್ಜಿಯಲ್ಲಿ ಮುಖ್ಯ ಸಂಗತಿಗಳು ನಿರ್ದಿಷ್ಟವಾಗಿ ಇರಬೇಕು, ನ್ಯಾಯ ದೊರಕಿಸಲು ಮತಪತ್ರಗಳ ಪರಿಶೀಲನೆ ಅಗತ್ಯವೆಂದು ಮೇಲ್ನೋಟಕ್ಕಾದರೂ ಮನವರಿಕೆಯಾಗಬೇಕು. ಮತದಾನದ ಗೋಪ್ಯತೆಯನ್ನು ಊಹೆಯ ಮೇಲೆ ಬಿಚ್ಚಿಡಲಾಗದು. ಅಂತರ ಕಿರಿದು ಎಂಬುದಷ್ಟೇ ಸಾಲದು. ನಮ್ಮ ರೈತರಿಗೆ ಇದನ್ನು ಒಪ್ಪಿಸುವುದಕ್ಕೆ ನನಗೆ ಒಂದು ಮಧ್ಯಾಹ್ನವೇ ಬೇಕಾಯಿತು. ಸಂತೇಮರಹಳ್ಳಿಯಲ್ಲಿ 2004ರಲ್ಲಿ ಒಂದೇ ಮತದಿಂದ ಶಾಸಕ ಸ್ಥಾನ ನಿರ್ಧಾರವಾದದ್ದನ್ನೂ, ಜಯನಗರದಲ್ಲಿ 2023ರಲ್ಲಿ 16 ಮತಗಳಲ್ಲಿ ಎಲ್ಲವೂ ಮುಗಿದದ್ದನ್ನೂ ನೆನಪಿಸಿದೆ. ಕಡಿಮೆ ಅಂತರದಿಂದ ಸೋತವನ ಸಂಕಟ ದೊಡ್ಡದು, ಆದರೆ ಅದು ಪುರಾವೆಯಲ್ಲ.

ತಡೆದುಕೊಳ್ಳಬೇಕಾದ ಕಾಲವೂ ಸಣ್ಣದಲ್ಲ. ನಮ್ಮದೇ ಜಿಲ್ಲೆಯ ಮಸ್ಕಿಯನ್ನು ನೋಡಿ. 2018ರ ವಿಧಾನಸಭಾ ಚುನಾವಣೆಯಲ್ಲಿ ಪ್ರತಾಪಗೌಡ ಪಾಟೀಲರು 213 ಮತಗಳಿಂದ ಗೆದ್ದರು, ಸೋತ ಬಸನಗೌಡ ತುರವಿಹಾಳರು ಹೈಕೋರ್ಟಿಗೆ ಹೋದರು. 2019ರಲ್ಲಿ ಪಾಟೀಲರು ಅನರ್ಹಗೊಂಡು ಸ್ಥಾನ ಖಾಲಿಯಾದರೂ, ತಕರಾರು ಅರ್ಜಿ ಬಾಕಿ ಇದ್ದುದರಿಂದ ಆ ಡಿಸೆಂಬರ್‌ನಲ್ಲಿ 15 ಕ್ಷೇತ್ರಗಳಿಗೆ ನಡೆದ ಉಪಚುನಾವಣೆಯಲ್ಲಿ ಮಸ್ಕಿ ಸೇರಲಿಲ್ಲ. ಉಪಚುನಾವಣೆ ನಡೆದದ್ದು 2021ರ ಏಪ್ರಿಲ್ 17ರಂದು. ಅಷ್ಟು ದಿನ ಕ್ಷೇತ್ರಕ್ಕೆ ಶಾಸಕರೇ ಇರಲಿಲ್ಲ. ಆಗ ತುರವಿಹಾಳರು 30 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. ಹಾಗೆಂದು ಮರುಎಣಿಕೆ ಎಂದೂ ಫಲ ಕೊಡದು ಎನ್ನಲಾಗದು. ಹರಿಯಾಣದ ಪಾಣಿಪತ್ ಜಿಲ್ಲೆಯ ಬುವಾನಾ ಲಾಖು ಗ್ರಾಮದಲ್ಲಿ 2022ರ ನವೆಂಬರ್‌ನಲ್ಲಿ ನಡೆದ ಸರಪಂಚ ಚುನಾವಣೆಯ ತಕರಾರು ಒಂದು ಮತಗಟ್ಟೆಯ ಲೆಕ್ಕದಿಂದ ಶುರುವಾಯಿತು. ಕೊನೆಗೆ ಸುಪ್ರೀಂ ಕೋರ್ಟ್ ಮತಯಂತ್ರಗಳನ್ನು ತನ್ನ ಆವರಣಕ್ಕೇ ತರಿಸಿ ಎಲ್ಲ ಮತಗಟ್ಟೆಗಳ ಮತಗಳನ್ನು ಎಣಿಸಿದಾಗ, ಸೋತಿದ್ದವರಿಗೆ 1,051 ಮತ, ಗೆದ್ದಿದ್ದವರಿಗೆ 1,000 ಮತ ಬಂದವು. ಅಷ್ಟರಲ್ಲಿ 2025ರ ಆಗಸ್ಟ್ ಬಂದಿತ್ತು.

ಎಣಿಕೆಗಿಂತ ಮುಂಚಿನ ಇನ್ನೊಂದು ತಂಟೆಗೆ, ಅಂದರೆ ಗೋಡೆ, ಬ್ಯಾನರು, ಕಟೌಟುಗಳಿಗೆ ಬರೋಣ. ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷರಹಿತವಾದದ್ದು. ಚಿಹ್ನೆಗಳನ್ನು ರಾಜ್ಯ ಚುನಾವಣಾ ಆಯೋಗವು ಮುಕ್ತ ಚಿಹ್ನೆಗಳ ಪಟ್ಟಿಯಿಂದ ಕೊಡುತ್ತದೆ. ಆದ್ದರಿಂದ ಆಟೋದ ಬೆನ್ನಿಗೆ ಪಕ್ಷದ ಬಾವುಟ ಕಟ್ಟಿ ಪಂಚಾಯಿತಿ ಅಭ್ಯರ್ಥಿಗೆ ಮತ ಕೇಳುವುದು ತಪ್ಪು, ಎಲ್ಲರೂ ಮಾಡುತ್ತಾರೆ ಎಂಬುದು ಬೇರೆ ಮಾತು. ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ಸ್ಥಳೀಯ ಸಂಸ್ಥೆಯ ಲಿಖಿತ ಅನುಮತಿಯಿಲ್ಲದೆ ಪ್ರಚಾರ ಫಲಕ ಹಾಕುವುದನ್ನು ತೆರೆದ ಸ್ಥಳಗಳ ವಿರೂಪ ತಡೆಯ 1981ರ ರಾಜ್ಯ ಕಾಯ್ದೆ ಅಪರಾಧವೆನ್ನುತ್ತದೆ. ಪ್ಲಾಸ್ಟಿಕ್ ಫ್ಲೆಕ್ಸ್ ಅನ್ನಂತೂ ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲೇ ನಿಷೇಧಿಸಿದೆ. ಅದು ಚುನಾವಣೆ ಇರಲಿ ಬಿಡಲಿ ಜಾರಿಯಲ್ಲಿರುವ ನಿಷೇಧ. ಲೋಕಸಭೆ, ವಿಧಾನಸಭೆ ಚುನಾವಣೆಯ ಕರಪತ್ರ, ಭಿತ್ತಿಪತ್ರಗಳ ಮೇಲೆ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕೆಂದು ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಂ ಹೇಳುತ್ತದೆ. ರಾತ್ರೋರಾತ್ರಿ ಬಾಗಿಲ ಸಂದಿಯಲ್ಲಿ ಬೀಳುವ ಹೆಸರಿಲ್ಲದ ಕರಪತ್ರಕ್ಕೆ ಆ ಕಲಮೇ ಮದ್ದು, ಆದ್ದರಿಂದ ಸಿಟ್ಟಿನಲ್ಲಿ ಹರಿದೆಸೆಯದೆ ಎತ್ತಿಡಿ.

ನಿಮ್ಮ ಸ್ವಂತ ಗೋಡೆಯ ಮೇಲೆ ನಿಮ್ಮ ಒಪ್ಪಿಗೆಯಿಲ್ಲದೆ ಯಾರೂ ಬರೆಯುವಂತಿಲ್ಲ, ಮಾದರಿ ನೀತಿ ಸಂಹಿತೆಯಲ್ಲೇ ಈ ಮಾತಿದೆ. ಬಳ್ಳಾರಿಯಲ್ಲಿ ಪಾಲಿಕೆಯ 39 ವಾರ್ಡುಗಳಿಗೆ 2021ರ ಏಪ್ರಿಲ್‌ನಲ್ಲಿ ಚುನಾವಣೆ ನಡೆದಾಗ, ಅಲ್ಲಿ ಒಬ್ಬರೇ ವಾಸವಾಗಿರುವ ನಿವೃತ್ತ ಶಿಕ್ಷಕಿಯೊಬ್ಬರು ನನಗೆ ಫೋನ್ ಮಾಡಿದ್ದರು. ಬೆಳಗ್ಗೆ ಎದ್ದು ನೋಡಿದರೆ ಕಾಂಪೌಂಡಿನ ಮೇಲೆ ನೀಲಿ ಬಣ್ಣದಲ್ಲಿ ಆಳೆತ್ತರದ ಅಕ್ಷರಗಳು. ಬಳಿದವರು ಅದೇ ಓಣಿಯ ಹುಡುಗರು. ಬೈದರೆ ನಾಳೆ ನೀರಿನ ಟ್ಯಾಂಕರ್ ಹೇಳಲಿಕ್ಕೂ ಅವರೇ ಬೇಕು. "ನಾನೇ ಸುಣ್ಣ ಹೊಡಿಸಿಬಿಡ್ಲೇನಪ್ಪಾ?" ಎಂದು ಕೇಳಿದರು. ಬೇಡ ಮೇಡಂ, ಮೊದಲು ಮನೆ ನಂಬರು ಕಾಣುವಂತೆ ಫೋಟೊ ತೆಗೆಯಿರಿ, ಅನುಮತಿ ಕೊಟ್ಟಿಲ್ಲವೆಂದು ನಾಲ್ಕು ಸಾಲು ಬರೆದು ವಾರ್ಡಿನ ಚುನಾವಣಾಧಿಕಾರಿಗೆ ಕೊಟ್ಟು, ನಕಲಿನ ಮೇಲೆ ಮೊಹರು ಹಾಕಿಸಿಕೊಳ್ಳಿ ಎಂದೆ. ಅವರು ಮೇಷ್ಟ್ರಮ್ಮ, ನಾಲ್ಕು ಸಾಲಿನ ಬದಲು ಒಂದು ಪುಟ ಬರೆದರು, ದಿನಾಂಕ ಹಾಕಿದರು, ಅಭ್ಯರ್ಥಿಯ ಹೆಸರಿನಲ್ಲಿದ್ದ ಕಾಗುಣಿತದ ತಪ್ಪನ್ನೂ ನಮೂದಿಸಿದರು. ಮೂರನೆಯ ದಿನ ಇಬ್ಬರು ಬಂದು ಸುಣ್ಣ ಬಳಿದು ಹೋದರು. ಒಂದೇ ಕೈ ಬಳಿದದ್ದರಿಂದ ಮಳೆ ಬಂದಾಗ ನೀಲಿ ಇನ್ನೂ ಹೊರಗೆ ಇಣುಕುತ್ತದಂತೆ.