ಪದ ಪರಿಚಯ: ಕಡಲಾಚೆಯ ಬಂಧನ ಮತ್ತು ಅಲ್ಲಿಗೆ ಬರೆಯುವ ಕಾಗದ

ಆಶ್ರಯ ಕೋರಿ ಬಂದವರ ಅರ್ಜಿಯನ್ನು ತನ್ನ ನೆಲದಲ್ಲಿಯೇ ವಿಚಾರಿಸುವ ಬದಲು, ಒಂದು ದೇಶವು ಹಣ ಕೊಟ್ಟು ಒಪ್ಪಿಸಿದ ಮತ್ತೊಂದು ದೇಶದಲ್ಲಿ ಅವರನ್ನು ಇರಿಸುವ ವ್ಯವಸ್ಥೆಗೆ ಕಡಲಾಚೆಯ ಬಂಧನ ಎನ್ನಬಹುದು. ಈ ಮಾತು ಬಂದಾಗ ಮೊದಲು ನೆನಪಾಗುವುದು ಆಸ್ಟ್ರೇಲಿಯಾ. 2001ರ ಆಗಸ್ಟ್‌ನಲ್ಲಿ ನಾರ್ವೆಯ ಟಾಂಪಾ ಎಂಬ ಸರಕು ಹಡಗು ಮುಳುಗುತ್ತಿದ್ದ ದೋಣಿಯೊಂದರಿಂದ 433 ಜನರನ್ನು ರಕ್ಷಿಸಿತು. ಅವರಲ್ಲಿ ಹೆಚ್ಚಿನವರು ಅಫ್ಘಾನಿಸ್ತಾನದವರು. ಅವರನ್ನು ಇಳಿಸಿಕೊಳ್ಳಲು ಆಸ್ಟ್ರೇಲಿಯಾ ನಿರಾಕರಿಸಿದ ಪ್ರಸಂಗದಿಂದಲೇ ಪೆಸಿಫಿಕ್ ಸಾಗರದ ದ್ವೀಪದೇಶ ನೌರು ಮತ್ತು ಪಪುವಾ ನ್ಯೂಗಿನಿಯ ಮಾನುಸ್ ದ್ವೀಪದ ಶಿಬಿರಗಳು ಹುಟ್ಟಿಕೊಂಡವು. 2008ರಲ್ಲಿ ಕೈಬಿಟ್ಟ ಈ ಪದ್ಧತಿ 2012ರಲ್ಲಿ ಮರಳಿ ಬಂತು. ದೋಣಿಯಲ್ಲಿ ಬಂದ ಯಾರಿಗೂ ಆಸ್ಟ್ರೇಲಿಯಾದಲ್ಲಿ ನೆಲೆ ಸಿಗದು ಎಂದು 2013ರ ಜುಲೈ 19ರಂದು ಅಲ್ಲಿನ ಸರ್ಕಾರ ಘೋಷಿಸಿತು.

ಸರ್ಕಾರಿ ಕಡತಗಳಲ್ಲಿ ಈ ಶಿಬಿರಗಳಿಗಿದ್ದ ಹೆಸರನ್ನು ಕನ್ನಡಕ್ಕೆ ತಂದರೆ ‘ಪ್ರಾದೇಶಿಕ ಸಂಸ್ಕರಣಾ ಕೇಂದ್ರ’ ಎಂದಾಗುತ್ತದೆ. ನಾವು ಸಂಸ್ಕರಣೆ ಎಂಬ ಮಾತನ್ನು ಹಾಲಿಗೋ ಗೋಡಂಬಿಗೋ ಬಳಸುವವರು. ಮನುಷ್ಯರ ವಿಷಯದಲ್ಲಿ ಅದು ಏನನ್ನು ಮರೆಮಾಚುತ್ತದೆ ಎಂಬುದು ನಮ್ಮ ಕಿವಿಗೆ ಬೇಗ ತಿಳಿಯುತ್ತದೆ. ಇನ್ನೊಂದು ಗೊಂದಲವನ್ನೂ ಇಲ್ಲಿಯೇ ಬಿಡಿಸಿಕೊಳ್ಳಬೇಕು. ಆಶ್ರಯ ಬೇಡಿ ಅರ್ಜಿ ಹಾಕಿ ತೀರ್ಮಾನಕ್ಕೆ ಕಾಯುತ್ತಿರುವವರು ಆಶ್ರಯಾರ್ಥಿಗಳು. ತಾಯ್ನಾಡಿಗೆ ಮರಳಿದರೆ ಅವರಿಗೆ ಕಿರುಕುಳ ತಪ್ಪದು ಎಂದು ವಿಚಾರಣೆಯಲ್ಲಿ ಒಪ್ಪಿತವಾದರೆ, ಅವರು ನಿರಾಶ್ರಿತರೆಂದು ಗುರುತಿಸಲ್ಪಡುತ್ತಾರೆ. ಆಶ್ರಯದ ಹಕ್ಕು ಸಾಬೀತಾದವರನ್ನೇ ಕನ್ನಡವು ಆಶ್ರಯವಿಲ್ಲದವರು ಎಂದು ಕರೆಯುವುದು ವಿಚಿತ್ರವೇ. ಆದರೂ ನೌರುವಿನಲ್ಲಿ ನಿರಾಶ್ರಿತರೆಂದು ಗುರುತಿಸಲ್ಪಟ್ಟ ಮೇಲೂ ವರ್ಷಗಟ್ಟಲೆ ಅಲ್ಲಿಯೇ ಉಳಿದವರ ಮಟ್ಟಿಗೆ ಆ ಪದ ಅಕ್ಷರಶಃ ಸರಿಯಾಗಿತ್ತು.

ಇಂಥವರಿಗೆ ಹೊರಗಿನ ಅಪರಿಚಿತರು ಕಾಗದ ಬರೆಯುವ ರೂಢಿ ಮೊದಲ ಶಿಬಿರಗಳ ಕಾಲದಲ್ಲಿಯೇ ಆರಂಭವಾಯಿತು. ಸುಮಾರು 21 ಚದರ ಕಿಲೋಮೀಟರಿನ ನೌರುವಿಗೆ ಹೋಗಿ ಬರುವುದು ಸುಲಭವಲ್ಲ. 2014ರಲ್ಲಿ ಆ ದೇಶವು ಪತ್ರಕರ್ತರ ವೀಸಾ ಶುಲ್ಕವನ್ನು 200 ಡಾಲರಿನಿಂದ 8,000ಕ್ಕೆ ಏರಿಸಿತು. ಕೇಂದ್ರದೊಳಗೆ ಕಂಡದ್ದನ್ನು ಹೊರಗೆ ಹೇಳುವ ಸಿಬ್ಬಂದಿಗೆ ಎರಡು ವರ್ಷದವರೆಗೆ ಸೆರೆವಾಸ ವಿಧಿಸಬಹುದಾದ ಕಾನೂನನ್ನು ಆಸ್ಟ್ರೇಲಿಯಾ 2015ರಲ್ಲಿ ತಂದಿತು. ಹೀಗೆ ನೋಡುವ ಕಣ್ಣುಗಳನ್ನು ದೂರವಿಟ್ಟ ಜಾಗಕ್ಕೆ ಅಂಚೆಯಾದರೂ ತಲುಪಬಹುದಿತ್ತು. ಶಿಬಿರದಲ್ಲಿ ಒಬ್ಬೊಬ್ಬರಿಗೂ ಅವರು ಬಂದ ದೋಣಿಯ ಸಂಕೇತಾಕ್ಷರಗಳಿಗೆ ಅಂಕಿ ಸೇರಿಸಿದ ಗುರುತು ಇರುತ್ತಿತ್ತು. ಇರಾನಿನ ಕುರ್ದ್ ಪತ್ರಕರ್ತ ಬೆಹ್ರೂಜ್ ಬೂಚಾನಿ ಮಾನುಸ್‌ನಲ್ಲಿ ‘ಎಂಇಜಿ45’ ಆಗಿದ್ದರು. ದಿನವೂ ಅಂಕಿಯಿಂದ ಕರೆಸಿಕೊಳ್ಳುವವರಿಗೆ ಹೆಸರು ಹಿಡಿದು ಬರೆದ ಕಾಗದ ಬರುವುದು ಏನೆಂಬುದನ್ನು ಊಹಿಸಿಕೊಳ್ಳಬಹುದು. ಬೂಚಾನಿ ತಮ್ಮ ಪುಸ್ತಕವನ್ನೇ ಫೋನಿನ ಸಂದೇಶಗಳಾಗಿ ಹೊರಗೆ ಕಳುಹಿಸಿದರು. 2019ರಲ್ಲಿ ಅದಕ್ಕೆ ವಿಕ್ಟೋರಿಯಾ ರಾಜ್ಯದ ದೊಡ್ಡ ಸಾಹಿತ್ಯ ಪ್ರಶಸ್ತಿ ದೊರೆತಾಗಲೂ ಅವರಿಗೆ ಆ ದ್ವೀಪದಿಂದ ಬಿಡುಗಡೆ ಇರಲಿಲ್ಲ.

ಈ ಪತ್ರವ್ಯವಹಾರ ಸಾಮಾನ್ಯ ಪತ್ರಮೈತ್ರಿಯಂತಲ್ಲ. ಓದುವವರ ಮಾತು ಫಾರ್ಸಿ, ಅಫ್ಘಾನಿಸ್ತಾನದ ದರಿ ಭಾಷೆ ಅಥವಾ ತಮಿಳು ಇರಬಹುದು. 2014ರಲ್ಲಿ ಪುದುಚೇರಿಯಿಂದ ಹೊರಟ ದೋಣಿಯೊಂದರಲ್ಲಿದ್ದ 157 ತಮಿಳರೂ ಕೊನೆಗೆ ನೌರು ಸೇರಿದರು. ಆದ್ದರಿಂದ ಇಂಗ್ಲಿಷಿನಲ್ಲಿ ಬರೆಯುವವರು ಸಣ್ಣ, ಸರಳ ವಾಕ್ಯಗಳಲ್ಲಿ ಬರೆಯಬೇಕಾಗುತ್ತದೆ. ಬಿಡುಗಡೆಯ ಭರವಸೆ ಕೊಡುವುದು, ಊರು ಬಿಟ್ಟ ಕಾರಣವನ್ನು ಕೆದಕುವುದು ಎರಡೂ ಸಲ್ಲದು. ಎರಡನೆಯದನ್ನು ಅಧಿಕಾರಿಗಳು ಈಗಾಗಲೇ ಹಲವು ಬಾರಿ ಕೇಳಿರುತ್ತಾರೆ. ಹಿತ್ತಲಿನ ಗಿಡ, ಮನೆಯ ನಾಯಿ, ಮಳೆ ಇವೇ ಒಳ್ಳೆಯ ವಿಷಯಗಳು. ಬಂದ ಉತ್ತರವನ್ನು ಬರೆದವರ ಒಪ್ಪಿಗೆಯಿಲ್ಲದೆ ಪ್ರಕಟಿಸಿದರೆ, ತಾಯ್ನಾಡಿನಲ್ಲಿ ಉಳಿದ ಅವರ ಮನೆಯವರಿಗೆ ಅಪಾಯವಾಗಬಹುದು.

ಮಾನುಸ್‌ನ ಬಂಧನ ಸಂವಿಧಾನಬಾಹಿರವೆಂದು ಪಪುವಾ ನ್ಯೂಗಿನಿಯ ಸುಪ್ರೀಂ ಕೋರ್ಟ್ 2016ರಲ್ಲಿ ತೀರ್ಪಿತ್ತ ಮೇಲೆ, 2017ರಲ್ಲಿ ಆ ಕೇಂದ್ರ ಮುಚ್ಚಿತು. ನೌರುವಿನಲ್ಲಿ ಹಿಂದಿನಿಂದ ಉಳಿದಿದ್ದವರಲ್ಲಿ ಕೊನೆಯವರು 2023ರ ಜೂನ್‌ನಲ್ಲಿ ಹೊರಟರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ದೋಣಿಯಲ್ಲಿ ಬಂದ ಹೊಸಬರನ್ನು ಅಲ್ಲಿಗೆ ಕಳುಹಿಸಲಾಯಿತು.