ಮನೆಗೆ ಎಷ್ಟು ಟನ್ ಕಬ್ಬಿಣ ಬೇಕು? ಟನ್ ಆಮೇಲೆ, ಮೊದಲು ಪಟ್ಟಿ

ಪ್ರಶ್ನೆ: ಹುಬ್ಬಳ್ಳಿಯ ನವನಗರದ ಹತ್ತಿರ 30×40 ಸೈಟಿನಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಕೆಳಗೊಂದು, ಮೇಲೊಂದು, ಒಟ್ಟು ಎರಡು ಸಾವಿರ ಚದರಡಿ. ಸಾಮಾನು ನಮ್ಮದು, ಕೂಲಿ ಮೇಸ್ತ್ರಿಯದು. ಮೇಸ್ತ್ರಿ ಒಮ್ಮೆಲೇ ಎಂಟು ಟನ್ ಕಬ್ಬಿಣ ಹಾಕಿಸಿ ಅಂತಾರೆ. ಎಂಜಿನಿಯರ್ ಏಳು ಸಾಕು ಅಂತಾರೆ. ಅಂಗಡಿಯವರು "ಬಿಬಿಎಸ್ ಐತೇನ್ರಿ?" ಅಂತ ಕೇಳಿದರು. ಯಾರ ಲೆಕ್ಕ ನಂಬಬೇಕು? ಬಿಬಿಎಸ್ ಅಂದರೇನು?

ಉತ್ತರ: ಮೂವರಲ್ಲಿ ಸರಿಯಾದ ಮಾತು ಆಡಿದ್ದು ಅಂಗಡಿಯವರು. ಉಳಿದಿಬ್ಬರದೂ ಅಂದಾಜು. ನಮ್ಮ ಕಡೆ ಮನೆ ಕೆಲಸಕ್ಕೆ ಚದರಡಿಗೆ ಮೂರೂವರೆಯಿಂದ ನಾಲ್ಕು ಕಿಲೋ ಅಂತ ಹಿಡಿಯುವ ರೂಢಿ ಇದೆ. ನಿಮ್ಮ ಎರಡು ಸಾವಿರ ಚದರಡಿಯನ್ನು ಎಂಜಿನಿಯರ್ ಮೂರೂವರೆಯಿಂದ ಗುಣಿಸಿದ್ದಾರೆ, ಮೇಸ್ತ್ರಿ ನಾಲ್ಕರಿಂದ ಗುಣಿಸಿದ್ದಾರೆ. ಅಷ್ಟೇ ಜಗಳ. ಬ್ಯಾಂಕಿನಲ್ಲಿ ಸಾಲದ ಅರ್ಜಿ ತುಂಬಲು ಈ ಲೆಕ್ಕ ಸಾಕು. ಅಂಗಡಿಗೆ ಹೋಗಲು ಸಾಲದು. ಏಕೆಂದರೆ ಅಂಗಡಿಯಲ್ಲಿ ಮೊದಲ ಪ್ರಶ್ನೆಯೇ "ಯಾವ ಎಂಎಂ ಎಷ್ಟು?" ಅಂತ ಬರುತ್ತದೆ.

ಈ ಪ್ರಶ್ನೆಗೆ ನಾನೇ ಒಮ್ಮೆ ಬಿದ್ದಿದ್ದೇನೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ. ಒಟ್ಟು ಟನ್ ಗೊತ್ತಿತ್ತು, ಯಾವ ದಪ್ಪ ಎಷ್ಟು ಅಂತ ಫೋನಿನಲ್ಲೇ ಬಾಯಿಗೆ ಬಂದ ಹಾಗೆ ಹೇಳಿದೆ. ಭಾನುವಾರ ಸ್ಲ್ಯಾಬ್. ಶನಿವಾರ ಸಂಜೆ ನೋಡಿದರೆ 16 ಎಂಎಂ ರಾಶಿ ಬಿದ್ದಿದೆ, 8 ಎಂಎಂ ಖಾಲಿ. ಟನ್ ಲೆಕ್ಕ ಮಾತ್ರ ಚಾಚೂ ತಪ್ಪಿರಲಿಲ್ಲ! ಕಾಂಕ್ರೀಟ್ ಗ್ಯಾಂಗಿನವರು ಬೇರೆ ಸೈಟಿಗೆ ಹೋದರು, ಸ್ಲ್ಯಾಬ್ ಒಂದು ವಾರ ಮುಂದೆ ಹೋಯಿತು. ಆ ವಾರ ಮನೆ ಯಜಮಾನರು ನನ್ನ ಜೊತೆ ಮಾತೇ ಆಡಲಿಲ್ಲ.

ಬಿಬಿಎಸ್ ಅಂದರೆ ಬಾರ್ ಬೆಂಡಿಂಗ್ ಶೆಡ್ಯೂಲ್. ದೊಡ್ಡ ಹೆಸರು, ಸಣ್ಣ ವಿಷಯ. ಮನೆಯೊಳಗೆ ಹೋಗುವ ಪ್ರತಿ ಕಂಬಿಗೂ ಒಂದು ನಂಬರು ಕೊಟ್ಟು, ಅದು ಎಲ್ಲಿ ಕೂರುತ್ತದೆ, ದಪ್ಪ ಎಷ್ಟು, ಹೇಗೆ ಬಗ್ಗಬೇಕು, ಬಗ್ಗಿಸುವ ಮೊದಲು ಎಷ್ಟು ಉದ್ದ ಕತ್ತರಿಸಬೇಕು, ಅಂಥವು ಎಷ್ಟು ಬೇಕು ಅಂತ ಬರೆದ ಪಟ್ಟಿ. ಇದಕ್ಕೆ 1963ರಿಂದಲೇ ಐಎಸ್ 2502 ಅನ್ನುವ ಭಾರತೀಯ ಮಾನಕ ಇದೆ. ಟನ್ ಅನ್ನೋದು ಈ ಪಟ್ಟಿಯ ಕೊನೆಯಲ್ಲಿ ತಾನಾಗಿ ಬೀಳುವ ಮೊತ್ತ.

ಪಟ್ಟಿ ಹೇಗೆ ಹುಟ್ಟುತ್ತದೆ ಅಂತ ತಿಳಿಯಲು ಒಂದು ರಿಂಗ್ ಸಾಕು, ಅಂದರೆ ಕಾಲಮ್ಮಿನ ಉದ್ದ ಕಂಬಿಗಳನ್ನು ಸುತ್ತಿ ಹಿಡಿಯುವ ಚೌಕಟ್ಟು. ನಿಮ್ಮ ಕಾಲಮ್ 9×12 ಇಂಚು, ಅಂದರೆ 230×300 ಎಂಎಂ ಅಂತ ಇಟ್ಟುಕೊಳ್ಳಿ. ಕಾಲಮ್ಮಿಗೆ ನಾಲ್ಕೂ ಕಡೆ 40 ಎಂಎಂ ಕವರ್, ಅಂದರೆ ಕಂಬಿಯ ಹೊರಗೆ ಕಾಂಕ್ರೀಟಿನ ಪದರ, ಬಿಡಬೇಕು. ರಿಂಗಿನ ಹೊರ ಅಳತೆ 150×220. ಸುತ್ತಳತೆ 740 ಎಂಎಂ. ರಿಂಗ್ 8 ಎಂಎಂ ಕಂಬಿಯದು. ಎರಡು ತುದಿಯ ಹುಕ್ಕಿಗೆ ಕಂಬಿಯ ದಪ್ಪದ ಹತ್ತು ಪಟ್ಟಿನಂತೆ 80 ಮತ್ತು 80. ಒಟ್ಟು 900. ಆದರೆ ಕಂಬಿ ಬಗ್ಗುವಾಗ ಮೂಲೆಯಲ್ಲಿ ದುಂಡಗಾಗಿ ತಿರುಗುತ್ತದೆ, ಚೌಕವಾಗಿ ಅಲ್ಲ. ಅದರಿಂದ ಸ್ವಲ್ಪ ಉದ್ದ ಉಳಿಯುತ್ತದೆ. 90 ಡಿಗ್ರಿಯ ಒಂದು ಬಾಗಿಗೆ ದಪ್ಪದ ಎರಡು ಪಟ್ಟು, 135 ಡಿಗ್ರಿಗೆ ಮೂರು ಪಟ್ಟು ಕಳೆಯುವುದು ವಾಡಿಕೆ. ಮೂರು ನೇರ ಮೂಲೆಗೆ 48, ಎರಡು ಹುಕ್ಕಿನ ಬಾಗಿಗೆ 48. ಕಳೆದರೆ 804 ಎಂಎಂ.

ಪಟ್ಟಿ ಇಲ್ಲದ ಸೈಟಿನಲ್ಲಿ ಇದೇ ರಿಂಗಿಗೆ ಮೂರು ಅಡಿ ಕತ್ತರಿಸುತ್ತಾರೆ. ಮೂರು ಅಡಿ ಅಂದರೆ 914 ಎಂಎಂ. ಅಂಗಡಿಯಿಂದ ಬರುವ ಕಂಬಿ 12 ಮೀಟರ್. ಮೂರು ಅಡಿಯಂತೆ 13 ರಿಂಗ್ ಬರುತ್ತವೆ. 804ರಂತೆ 14 ಬಂದು ಮುಕ್ಕಾಲು ಮೀಟರ್ ತುಂಡು ಉಳಿಯುತ್ತದೆ. ಅಯ್ಯೋ, 60 ಎಂಎಂ ಸಾಲದೆ ಹದಿನೈದನೆಯದು ತಪ್ಪಿತಲ್ಲ ಅನಿಸುತ್ತದೆ, ಅಲ್ವಾ? ನನ್ನ ಹಳೆಯ ಮೇಸ್ತ್ರಿಗೂ ಹಾಗೇ ಅನಿಸಿತ್ತು. "ಸಾಹೇಬ್ರ, ಹುಕ್ ಒಂಚೂರ ಗಿಡ್ಡ ಮಾಡಿದ್ರ ಹದಿನೈದ ಬರ್ತಾವ ನೋಡ್ರಿ" ಅಂದ. ಲೆಕ್ಕ ಹಾಕಿದೆ. ಒಂದು ಹುಕ್ಕಿಗೆ 2 ಎಂಎಂ ಕಡಿಮೆ, ಅಂದರೆ 78. ಕೈಯಿಂದ ಬಗ್ಗಿಸುವಾಗ ಅದಕ್ಕಿಂತ ಜಾಸ್ತಿ ಹೆಚ್ಚುಕಮ್ಮಿ ಆಗುತ್ತದೆ. ಅವನ ಮಾತು ಸರಿಯಿತ್ತು, ಒಪ್ಪಿದೆ. ಆದರೆ ಹುಕ್ಕು 75ಕ್ಕಿಂತ ಕೆಳಗೆ ಇಳಿಯಬಾರದು ಅಂತ ಅಲ್ಲೇ ಗೋಡೆ ಮೇಲೆ ಬರೆಸಿದೆ. ಇಲ್ಲದಿದ್ದರೆ ಒಂದು ವಾರದಲ್ಲಿ ಅದು ಎರಡು ಇಂಚಿಗೆ ಬಂದಿರುತ್ತದೆ.

ಹತ್ತು ಅಡಿ ಎತ್ತರದ ಒಂದು ಕಾಲಮ್ಮಿಗೆ 150 ಎಂಎಂಗೊಂದರಂತೆ 21 ರಿಂಗ್. ಹನ್ನೆರಡು ಕಾಲಮ್ ಇದ್ದರೆ 252. ಮೂರಡಿ ಲೆಕ್ಕದಲ್ಲಿ 20 ಕಂಬಿ ಬೇಕು, ಕಂಬಿಗೆ ಹದಿನೈದು ರಿಂಗಿನ ಲೆಕ್ಕದಲ್ಲಿ 17. ಉಳಿತಾಯ 14 ಕಿಲೋ. ದೊಡ್ಡದಲ್ಲ, ನಿಜ. ಇದು ಒಂದು ಮಹಡಿಯ ಕಾಲಮ್ ರಿಂಗ್ ಮಾತ್ರ. ಬೀಮಿನ ರಿಂಗುಗಳು ಇನ್ನೂ ಬಾಕಿ.

ನಿಜವಾದ ದುಡ್ಡು ಸೋರುವುದು ಉದ್ದ ಕಂಬಿಗಳಲ್ಲಿ. ಸ್ಲ್ಯಾಬಿಗೆ 10 ಎಂಎಂನ ನಾಲ್ಕೂವರೆ ಮೀಟರ್ ಕಂಬಿ ನಲವತ್ತು ಬೇಕು ಅನ್ನಿ. ಒಂದು 12 ಮೀಟರಿನಲ್ಲಿ ಎರಡು ಬರುತ್ತವೆ, ಮೂರು ಮೀಟರ್ ಉಳಿಯುತ್ತದೆ. ಇಪ್ಪತ್ತು ಕಂಬಿ ಕತ್ತರಿಸಿದ ಮೇಲೆ ಮೂರು ಮೀಟರಿನ ಇಪ್ಪತ್ತು ತುಂಡು ಬಿದ್ದಿರುತ್ತವೆ. 37 ಕಿಲೋ, ತಂದದ್ದರ ಕಾಲು ಭಾಗ. ಪಟ್ಟಿ ಕೈಯಲ್ಲಿದ್ದರೆ ಕತ್ತರಿಸುವ ಮೊದಲೇ ಕಣ್ಣಿಗೆ ಬೀಳುತ್ತದೆ: ಪ್ಯಾಸೇಜಿನ ಸ್ಲ್ಯಾಬಿಗೆ ಮೂರು ಮೀಟರಿನವೇ ಬೇಕು. ನಾಲ್ಕೂವರೆ, ನಾಲ್ಕೂವರೆ, ಮೂರು. ಒಂದೇ ಕಂಬಿಯಲ್ಲಿ ಮೂರೂ ಮುಗಿದವು. ಪಟ್ಟಿ ಇಲ್ಲದಿದ್ದರೆ ಪ್ಯಾಸೇಜಿಗೆ ಹೊಸ ಕಂಬಿ ಕತ್ತರಿಸುತ್ತಾರೆ, ಹಳೆ ತುಂಡು ಗುಜರಿಗೆ ಹೋಗುತ್ತದೆ. ಅದಕ್ಕೇ ಬಾರ್ ಬೆಂಡರಿಗೆ ನಾನು ಹೇಳೋದು ಒಂದೇ: ಉದ್ದದ್ದು ಮೊದಲು ಕತ್ತರಿಸು, ಗಿಡ್ಡದ್ದು ಕೊನೆಗೆ.

ಇನ್ನು ಲ್ಯಾಪ್. ಎರಡು ಕಂಬಿ ಕೂಡುವ ಕಡೆ ಎಷ್ಟು ಉದ್ದ ಜೋಡಿ ನಿಲ್ಲಬೇಕು ಅನ್ನುವ ಲೆಕ್ಕ. ಸೈಟಿನಲ್ಲಿ ಎಲ್ಲರ ಬಾಯಲ್ಲೂ "ಐವತ್ತು ಪಟ್ಟು", ಅಂದರೆ ಕಂಬಿಯ ದಪ್ಪದ ಐವತ್ತರಷ್ಟು. ಇದು ಅರ್ಧ ಸತ್ಯ. ಕಾಂಕ್ರೀಟ್ ಕೆಲಸದ ಮಾನಕ ಐಎಸ್ 456ರ ಪ್ರಕಾರ ಲೆಕ್ಕ ಹಾಕಿದರೆ, ಎಫ್‌ಇ 500 ದರ್ಜೆಯ ಕಂಬಿಗೆ ಎಂ25 ದರ್ಜೆಯ ಕಾಂಕ್ರೀಟಿನಲ್ಲಿ ಸುಮಾರು 49 ಪಟ್ಟು ಬರುತ್ತದೆ. ಅದೇ, ಒಂದು ದರ್ಜೆ ಕೆಳಗಿನ ಎಂ20 ಆದರೆ 57 ಪಟ್ಟು. ಬೀಮಿನಲ್ಲಿ ಎಳೆತ ಬೀಳುವ ಕಂಬಿಗೆ ಈ ಮಾತು. ಒತ್ತಡದಲ್ಲಿರುವ ಕಾಲಮ್ ಕಂಬಿಗೆ ಇದಕ್ಕಿಂತ ಕಡಿಮೆ ಸಾಕು. ನಿಮ್ಮ ಕಾಂಕ್ರೀಟ್ ಎಂ20 ಆಗಿದ್ದು ಬೀಮಿಗೆ ಐವತ್ತು ಪಟ್ಟೇ ಬಿಟ್ಟಿದ್ದರೆ 16 ಎಂಎಂ ಕಂಬಿಗೆ ಹತ್ತಿರ ಹತ್ತಿರ ನಾಲ್ಕೂವರೆ ಇಂಚು ಗಿಡ್ಡ. ಪಟ್ಟಿಯಲ್ಲಿ ಯಾವ ಪಟ್ಟು ಹಿಡಿದಿದ್ದಾರೆ ಅಂತ ಎಂಜಿನಿಯರನ್ನು ಕೇಳಿ, ಬೇಜಾರು ಮಾಡಿಕೊಳ್ಳುವುದಿಲ್ಲ. ಎಲ್ಲ ಲ್ಯಾಪೂ ಒಂದೇ ಜಾಗದಲ್ಲಿ ಬೀಳದ ಹಾಗೆ ಹಿಂದೆ ಮುಂದೆ ಮಾಡಿದ್ದಾರಾ ಅಂತಲೂ ನೋಡಿ.

"ಜಾಸ್ತಿ ಹಾಕಿದರೆ ತಪ್ಪೇನು, ಗಟ್ಟಿ ಆಗುತ್ತಲ್ಲ?" ಅಂತ ತುಂಬಾ ಜನ ಕೇಳುತ್ತಾರೆ. 2019ರ ಮಾರ್ಚಿನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಸತ್ತರು. ಅದನ್ನು ನೋಡಿದ ಊರಿನವರಿಗೆ ಭಯ ಇರುವುದು ಸಹಜ. ಆದರೆ ಕಾಲಮ್ಮೂ ಬೀಮೂ ಕೂಡುವ ಕಡೆ ಕಂಬಿ ಕಿಕ್ಕಿರಿದರೆ ಜಲ್ಲಿ ಒಳಗೆ ಇಳಿಯುವುದಿಲ್ಲ, ಪೊಳ್ಳು ಉಳಿಯುತ್ತದೆ. ಮಿತಿ ಮೀರಿ ಕಬ್ಬಿಣ ತುಂಬಿದ ಬೀಮ್ ಸೋಲುವಾಗ ಬಿರುಕು ಬಿಟ್ಟು ಎಚ್ಚರಿಸುವುದಿಲ್ಲ, ಕಾಂಕ್ರೀಟ್ ಒಮ್ಮೆಲೇ ನುಜ್ಜಾಗುತ್ತದೆ. ಆದ್ದರಿಂದ ಡ್ರಾಯಿಂಗಿನಲ್ಲಿ ಇದ್ದಷ್ಟು. ಹೆಚ್ಚೂ ಬೇಡ.

ಈಗ "ಒಮ್ಮೆಲೇ ಎಂಟು ಟನ್" ವಿಚಾರ. ಬೇಡ. ಅಡಿಪಾಯದ ಫುಟಿಂಗ್, ಕಾಲಮ್ಮಿನ ಬುಡ, ನೆಲಮಟ್ಟದ ಪ್ಲಿಂತ್ ಬೀಮ್ ಒಂದು ಕಂತು. ಕೆಳಗಿನ ಕಾಲಮ್ಮುಗಳು ಮತ್ತು ಮೊದಲ ಸ್ಲ್ಯಾಬ್ ಇನ್ನೊಂದು. ಮೇಲಿನ ಮಹಡಿ ಮತ್ತೊಂದು. ಸ್ಲ್ಯಾಬಿನ ಕಂಬಿ ಸೆಂಟ್ರಿಂಗ್ ಹೊಡೆಯುವ ಹೊತ್ತಿಗೆ ಬಂದರೆ ಸಾಕು. ಆರು ತಿಂಗಳು ಮೊದಲೇ ತಂದು ಎರೆಮಣ್ಣಿನ ಮೇಲೆ ಒಗೆದರೆ ಮಳೆಗಾಲ ಮುಗಿಯುವಷ್ಟರಲ್ಲಿ ತುಕ್ಕಿನ ಪದರ ಏಳುತ್ತದೆ. ಕೈಗೆ ಕೆಂಪು ಹತ್ತುವ ತೆಳು ತುಕ್ಕಿಗೆ ಹೆದರಬೇಕಿಲ್ಲ. ಹೊಟ್ಟಿನ ಹಾಗೆ ಉದುರುವ ತುಕ್ಕು ಕೆಟ್ಟದ್ದು. ಕಂಬಿಯ ಕೆಳಗೆ ಕಟ್ಟಿಗೆ ದಿಮ್ಮಿ ಇಡಿ, ಮೇಲೆ ತಾಡಪತ್ರಿ ಹೊದಿಸಿ.

ಲಾರಿ ಬಂದಾಗ ಒಂದು ಕೆಲಸ ನೀವೇ ಮಾಡಬಹುದು. ಕಂಬಿಯ ದಪ್ಪವನ್ನು ಎಂಎಂನಲ್ಲಿ ತೆಗೆದುಕೊಂಡು ಅದನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿ. ಒಂದು ಮೀಟರಿನ ತೂಕ ಕಿಲೋದಲ್ಲಿ ಬರುತ್ತದೆ. ಈ 162 ಮಂತ್ರವೇನೂ ಅಲ್ಲ, ಕಬ್ಬಿಣ ಘನ ಮೀಟರಿಗೆ 7850 ಕಿಲೋ ತೂಗುವುದರಿಂದ ಬಂದ ಸಂಖ್ಯೆ. 12 ಎಂಎಂಗೆ 144 ಭಾಗಿಸು 162, ಅಂದರೆ 0.89 ಕಿಲೋ. ಪೂರ್ತಿ ಕಂಬಿ ಸುಮಾರು 10.7. ಹಾಗೇ 8 ಎಂಎಂ ಪೂರ್ತಿ ಕಂಬಿ 4.7, 10 ಎಂಎಂ 7.4, 16 ಎಂಎಂ ಸುಮಾರು 19 ಕಿಲೋ. ಕಂಬಿಯ ಮಾನಕ ಐಎಸ್ 1786 ಒಂದಿಷ್ಟು ಹೆಚ್ಚುಕಮ್ಮಿಗೆ ಅವಕಾಶ ಕೊಟ್ಟಿದೆ. ಒಟ್ಟು ಮಾಲಿನ ಮೇಲೆ 10 ಎಂಎಂವರೆಗೆ ಶೇಕಡಾ 7, ಅದರಿಂದ ಮೇಲೆ 16ರವರೆಗೆ ಶೇಕಡಾ 5, ಇನ್ನೂ ದಪ್ಪಕ್ಕೆ ಶೇಕಡಾ 3. ಕಾಟಾ ಚೀಟಿಯ ತೂಕವನ್ನು ಕಂಬಿಗಳ ಸಂಖ್ಯೆಯಿಂದ ಭಾಗಿಸಿ ನೋಡಿ. ಹಗುರ ಕಂಬಿ ಬಂದರೆ "ಟನ್ನಿಗೆ ನಾಲ್ಕು ಕಂಬಿ ಜಾಸ್ತಿ ಬಂತು" ಅಂತ ಖುಷಿ ಪಡುವವರೂ ಇದ್ದಾರೆ. ಆದರೆ ಕಟ್ಟುವಾಗ ಕಂಬಿಯನ್ನು ಎಣಿಸಿ ಕಟ್ಟುತ್ತಾರೆ, ತೂಗಿ ಅಲ್ಲ. ಹಗುರಾದಷ್ಟೂ ಕಾಂಕ್ರೀಟಿನೊಳಗೆ ಕಬ್ಬಿಣ ಕಡಿಮೆ.

ಕೊನೆಗೊಂದು ಮಾತು, ಇದು ಹುಬ್ಬಳ್ಳಿಯ ಎರೆಮಣ್ಣಿಗೇ ಸೇರಿದ್ದು. ಡ್ರಾಯಿಂಗಿನಲ್ಲಿ ಫುಟಿಂಗ್ ಆಳ ಐದು ಅಡಿ ಅಂತ ಇರುತ್ತದೆ. ಗುಂಡಿ ತೋಡಿದರೆ ಐದು ಅಡಿಗೂ ಕಪ್ಪು ಮಣ್ಣೇ. ನೀರು ಕುಡಿದರೆ ಉಬ್ಬಿ, ಒಣಗಿದರೆ ಬಿರಿಯುವ ಆ ಮಣ್ಣಿನ ಮೇಲೆ ಫುಟಿಂಗ್ ಕೂರಿಸುವಂತಿಲ್ಲ. ಗರಸು ಸಿಗುವವರೆಗೆ ಇಳಿಯಬೇಕು, ಏಳು ಅಡಿಯಾದರೂ ಆಗಬಹುದು. ಅಷ್ಟರಲ್ಲಿ ಮೇಸ್ತ್ರಿ ಕಾಲಮ್ ಕಂಬಿಗಳನ್ನೆಲ್ಲ ಐದು ಅಡಿ ಲೆಕ್ಕದಲ್ಲಿ ಕತ್ತರಿಸಿ ಇಟ್ಟಿದ್ದರೆ? ಹನ್ನೆರಡು ಕಾಲಮ್, ತಲಾ ಆರು ಕಂಬಿ, 72 ಕಂಬಿಯೂ ಎರಡೆರಡು ಅಡಿ ಗಿಡ್ಡ. 16 ಎಂಎಂ ಆದರೆ ಬರೀ ಆ ಎರಡಡಿಯೇ ಸುಮಾರು 69 ಕಿಲೋ. ಅದು ಹೋಗಲಿ, ಬೇಡದ ಜಾಗದಲ್ಲಿ, ಮಣ್ಣಿನೊಳಗೆ ಲ್ಯಾಪ್ ಕೊಡಬೇಕಾಗುತ್ತದೆ. ಆದ್ದರಿಂದ ಎಂಜಿನಿಯರ್ ಹತ್ತಿರ ಇವತ್ತೇ ಪಟ್ಟಿ ಮಾಡಿಸಿ, ಸ್ಲ್ಯಾಬ್ ಬೀಮ್ ಎಲ್ಲ ಪೆನ್ನಿನಲ್ಲಿ ಬರೆಯಲಿ. ಕಾಲಮ್ ಬುಡದ ಸಾಲು ಮಾತ್ರ ಪೆನ್ಸಿಲಿನಲ್ಲಿ ಇರಲಿ. ಹನ್ನೆರಡೂ ಗುಂಡಿಯಲ್ಲಿ ಗರಸು ಕಂಡು, ಒಂದೊಂದಕ್ಕೂ ಟೇಪ್ ಇಳಿಸಿ ಅಳೆದ ಮೇಲೆ ಆ ಸಾಲು ತುಂಬಿಸಿ. ಕತ್ತರಿಸೋ ಮಷಿನ್ ಅಲ್ಲಿವರೆಗೆ ಸುಮ್ನೆ ಇರಲಿ.