ಫೋಟೋದಲ್ಲಿ ಮೈಬಣ್ಣ ಯಾಕೆ ಬದಲಾಗುತ್ತದೆ? ರೀಲಿನ ಕಾಲದಿಂದ ಇಲ್ಲಿಯವರೆಗೆ

ಮದುವೆ ಆಲ್ಬಮ್ ಮನೆಗೆ ಬಂದ ದಿನ ಎರಡು ಮಾತು ಬಂದೇ ಬರುತ್ತವೆ. ‘ನಮ್ಮ ಹುಡುಗಿ ಬಣ್ಣ ಇದಲ್ಲ’ ಅನ್ನುವುದು ಒಂದು. ‘ರೀಲಿನ ಕಾಲವೇ ಚೆನ್ನಾಗಿತ್ತು’ ಅನ್ನುವುದು ಇನ್ನೊಂದು. ಶಿರಸಿಯ ಒಂದು ಕಲರ್ ಲ್ಯಾಬ್‌ನಲ್ಲಿ ವರ್ಷಗಟ್ಟಲೆ ಪ್ರಿಂಟು ಹಾಕಿದವನು ನಾನು. ಮೊದಲನೇ ಮಾತು ಪೂರ್ತಿ ನಿಜ, ಎರಡನೆಯದು ಅರ್ಧ ಮಾತ್ರ.

ಯಾಕೆಂದರೆ ರೀಲಿಗೂ ತನ್ನದೇ ಅಳತೆಗೋಲು ಇತ್ತು. 1935ರಲ್ಲಿ ಕೊಡಾಕ್ರೋಮ್ ಎಂಬ ಬಣ್ಣದ ರೀಲು ಬಂತು, 1972ರಲ್ಲಿ ನಮ್ಮಂಥ ಲ್ಯಾಬ್‌ಗಳು ಕಡೆಯವರೆಗೂ ಬಳಸಿದ, ಬಣ್ಣದ ನೆಗೆಟಿವ್ ತೊಳೆಯುವ ಸಿ-41 ವಿಧಾನ ಬಂತು. ಪ್ರಿಂಟಿನ ಬಣ್ಣ ಹೊಂದಿಸಲು ಕೊಡಕ್ ಕಂಪನಿ ಲ್ಯಾಬ್‌ಗಳಿಗೆ ಒಂದು ಮಾದರಿ ಫೋಟೋ ಕೊಡುತ್ತಿತ್ತು. ಅದರಲ್ಲಿ ಇದ್ದದ್ದು ಬಿಳಿ ಮೈಬಣ್ಣದ ಹೆಂಗಸು. 1950ರ ದಶಕದಲ್ಲಿ ಮೊದಲು ನಿಂತವರ ಹೆಸರಿನಿಂದ ಅದು ‘ಶರ್ಲಿ ಕಾರ್ಡ್’ ಆಯಿತು. ಆ ಮುಖ ಸರಿ ಬಂದರೆ ಎಲ್ಲವೂ ಸರಿ ಎಂಬ ಲೆಕ್ಕ. ಕಂದು ಬಣ್ಣದ ಛಾಯೆಗಳು ಬೇರೆ ಬೇರೆಯಾಗಿ ಕಾಣುವುದಿಲ್ಲ ಎಂಬ ದೂರಿಗೆ ಬೆಲೆ ಬಂದಿದ್ದು ಚಾಕಲೇಟ್ ಮತ್ತು ಮರದ ಪೀಠೋಪಕರಣ ಮಾರುವವರು ಹೇಳಿದಾಗ. ಇದನ್ನು ತಿಳಿದ ದಿನ ನನಗೆ ತುಂಬಾ ಬೇಜಾರಾಗಿತ್ತು. ಬೇರೆ ಬೇರೆ ಮೈಬಣ್ಣದ ಹೆಂಗಸರು ಒಟ್ಟಿಗೆ ಇರುವ ಕಾರ್ಡ್ ಬಂದಿದ್ದು 1990ರ ದಶಕದ ನಡುವೆ.

ನಾನು ಲ್ಯಾಬ್‌ಗೆ ಸೇರಿದ್ದೂ ಹೆಚ್ಚುಕಡಿಮೆ ಆಗಲೇ. ಅದಕ್ಕೂ ಮೊದಲು ಊರಿನ ಸ್ಟುಡಿಯೋದವರು ರೀಲುಗಳನ್ನು ಹುಬ್ಬಳ್ಳಿ ಬಸ್ಸಿಗೆ ಹಾಕಿ ಕಳಿಸುತ್ತಿದ್ದರು. ಪ್ರಿಂಟು ಹಾಕುವ ಮಿನಿಲ್ಯಾಬ್ ಯಂತ್ರ ಪ್ರತಿ ನೆಗೆಟಿವ್ ನೋಡಿ ತಾನೇ ಒಂದು ಲೆಕ್ಕ ಹಾಕುತ್ತಿತ್ತು. ಇಡೀ ಚಿತ್ರದ ಬಣ್ಣಗಳನ್ನೆಲ್ಲ ಕಲಸಿದರೆ ಬೂದು ಬಣ್ಣ ಬರಬೇಕು ಅನ್ನುವುದೇ ಆ ಲೆಕ್ಕ. ಪೇಟೆಯ ಫೋಟೋಗೆ ಅದು ಸರಿಹೋಗುತ್ತಿತ್ತು. ಆದರೆ ನಮ್ಮಲ್ಲಿ ಮದುಮಕ್ಕಳನ್ನು ನಿಲ್ಲಿಸುವುದು ಎಲ್ಲಿ? ಅಡಿಕೆ ತೋಟದಲ್ಲಿ, ಅಲ್ವಾ. ಸುತ್ತ ಬರೀ ಹಸಿರು. ಯಂತ್ರ ‘ಹಸಿರು ಜಾಸ್ತಿಯಾಯಿತು’ ಎಂದು ಅದಕ್ಕೆ ಎದುರಾದ ಮೆಜೆಂಟಾ, ಅಂದರೆ ಕಡುಗುಲಾಬಿ ಬಣ್ಣ ಸೇರಿಸುತ್ತಿತ್ತು. ತೋಟ ಮಂಕಾಗಿ, ಮುಖ ಗುಲಾಬಿ ಹತ್ತಿಕೊಂಡು ಬರುತ್ತಿತ್ತು. ಸಿಯಾನ್ (ಹಸಿರು ಬೆರೆತ ತಿಳಿನೀಲಿ), ಮೆಜೆಂಟಾ, ಹಳದಿ, ಡೆನ್ಸಿಟಿ (ಪ್ರಿಂಟು ಎಷ್ಟು ಗಾಢ ಎಂಬುದು) ಎಂದು ಗುಂಡಿಗಳಿದ್ದವು. ಮೆಜೆಂಟಾ ಎರಡು ಮೆಟ್ಟಿಲು ಇಳಿಸಿದರೆ ಮುಖ ವಾಪಸ್ ಬರುತ್ತಿತ್ತು. ಎಷ್ಟು ಇಳಿಸಬೇಕು ಎಂದು ಗೊತ್ತಾಗುತ್ತಿದ್ದದ್ದು ಹೇಗೆ? ರೀಲು ಕೊಡಲು ಬಂದವರನ್ನು ಕೌಂಟರಿನಲ್ಲಿ ನೋಡಿರುತ್ತಿದ್ದೆ, ಅಷ್ಟೇ.

ಒಂದು ನೆಗೆಟಿವ್ ಇವತ್ತಿಗೂ ಕಣ್ಣ ಮುಂದಿದೆ. ಯಲ್ಲಾಪುರ ಕಡೆಯ ಶಾಲೆಯೊಂದರ ಗ್ರೂಪ್ ಫೋಟೋ. ಮಟಮಟ ಮಧ್ಯಾಹ್ನ, ಎಲ್ಲರದೂ ಬಿಳಿ ಅಂಗಿ. ಕ್ಯಾಮೆರಾ ಅಂಗಿಗಳನ್ನು ನೋಡಿ ಬೆಳಕು ಕಡಿಮೆ ಮಾಡಿಕೊಂಡಿತ್ತು. ಹಿಂದಿನ ಸಾಲಿನ ಸಿದ್ದಿ ಹುಡುಗನ ಮುಖ ಇದ್ದ ಜಾಗದಲ್ಲಿ ನೆಗೆಟಿವ್ ಹೆಚ್ಚುಕಡಿಮೆ ಖಾಲಿ. ಡೆನ್ಸಿಟಿ ಇಳಿಸಿದೆ. ಮೂಗು, ಕೆನ್ನೆ ಸ್ವಲ್ಪ ಎದ್ದವು. ಆದರೆ ಮುಂದಿನ ಸಾಲಿನ ಅಂಗಿಗಳ ಗುಂಡಿ ಮಾಯವಾದವು. ಎರಡೂ ಪ್ರಿಂಟು ಹಾಕಿ ಕೊಟ್ಟೆ. ರೀಲಿನಲ್ಲಿ ಬೆಳಕು ಜಾಸ್ತಿಯಾದರೆ ತಡೆಯುತ್ತದೆ, ಕಡಿಮೆಯಾದರೆ ಇಲ್ಲ. ಕಪ್ಪು ಮುಖಕ್ಕೆ ಅಳತೆ ಹಿಡಿದು ತೆಗೆದಿದ್ದರೆ ಆ ಒಂದೇ ರೀಲಿನಲ್ಲಿ ಎಲ್ಲರೂ ಬರುತ್ತಿದ್ದರು.

ಡಿಜಿಟಲ್‌ನಲ್ಲಿ ಇದು ತಿರುಗುಮುರುಗು. 2003ರಲ್ಲಿ ಕ್ಯಾನನ್ 300ಡಿ, 2004ರಲ್ಲಿ ನಿಕಾನ್ ಡಿ70 ಡಿಜಿಟಲ್ ಕ್ಯಾಮೆರಾಗಳು ಬಂದ ಮೇಲೆ ಸ್ಟುಡಿಯೋಗಳು ಒಂದೊಂದಾಗಿ ಬದಲಾದವು. ಇಲ್ಲಿ ಕತ್ತಲಲ್ಲಿ ಅಡಗಿದ್ದನ್ನು ಎತ್ತಬಹುದು, ಬೆಳಕಿನಲ್ಲಿ ಸುಟ್ಟಿದ್ದು ಸಿಗುವುದಿಲ್ಲ. ಕಾರವಾರದ ಸೆಕೆಯಲ್ಲಿ ಬೆವತ ಹಣೆಗೆ ಫ್ಲಾಶ್ ಬಿದ್ದಾಗ ನೋಡಿ. ಮೈಬಣ್ಣ ಯಾವುದೇ ಇರಲಿ, ಅದರಲ್ಲಿ ಕೆಂಪಿನ ಪಾಲು ಹೆಚ್ಚು. ಹಾಗಾಗಿ ಕೆಂಪು ಮೊದಲು ತುಂಬಿ ನಿಲ್ಲುತ್ತದೆ, ಹಸಿರು ಏರುತ್ತಲೇ ಇರುತ್ತದೆ. ಹಣೆಯ ನಡುವೆ ಬಿಳಿ ಮಚ್ಚೆ, ಅದರ ಸುತ್ತ ಹಳದಿ ಅಂಚು. ರೀಲು ಇದೇ ಜಾಗದಲ್ಲಿ ಮೆಲ್ಲಗೆ ಬಾಗುತ್ತಿತ್ತು. ‘ರೀಲೇ ಚೆನ್ನಾಗಿತ್ತು’ ಅನ್ನುವ ಮಾತಿನ ನಿಜವಾದ ಅರ್ಧ ಇದು.

ತೋಟದ ತೊಂದರೆ ಮಾತ್ರ ಹೋಗಲಿಲ್ಲ. ಕ್ಯಾಮೆರಾ ತಾನೇ ಬಣ್ಣ ಹೊಂದಿಸಿಕೊಳ್ಳುವ ಆಟೋ ವೈಟ್ ಬ್ಯಾಲೆನ್ಸ್ ಕೂಡ ಹಸಿರು ತುಂಬಿದ ಚಿತ್ರದಲ್ಲಿ ಹಾಗೇ ಎಡವುತ್ತದೆ. ಆದರೆ ಗುಂಡಿಯ ಹತ್ತಿರ ಈಗ ಯಾರೂ ಇಲ್ಲ. ಕರಿಜ್ಮಾ ಎಂಬ ಪುಸ್ತಕದಂಥ ಆಲ್ಬಮ್ ಡಿಸೈನ್ ಮಾಡುವವರು ದೂರದ ಊರಿನಲ್ಲಿ ಇರುತ್ತಾರೆ, ಹುಡುಗಿಯನ್ನು ಕಂಡಿರುವುದಿಲ್ಲ. ಸುಮ್ನೆ ಎಲ್ಲರನ್ನೂ ಒಂದು ಸುತ್ತು ಬೆಳ್ಳಗೆ ಮಾಡುತ್ತಾರೆ. ‘ಸ್ವಲ್ಪ ಬೆಳ್ಳಗೆ ಮಾಡಿ’ ಎಂದು ಮನೆಯವರೇ ಕೇಳುವುದೂ ಉಂಟು. ಮೊಬೈಲುಗಳಲ್ಲಿ ಬ್ಯೂಟಿ ಮೋಡ್ ಬಂದ ಮೇಲೆ ಕೇಳುವುದೂ ಬೇಕಾಗಲಿಲ್ಲ. 2021ರಲ್ಲಿ ಗೂಗಲ್ ತನ್ನ ಪಿಕ್ಸೆಲ್ 6 ಫೋನಿನಲ್ಲಿ ಎಲ್ಲ ಮೈಬಣ್ಣ ಸರಿಯಾಗಿ ಬರಲಿ ಎಂದು ‘ರಿಯಲ್ ಟೋನ್’ ತಂತು. ಮರುವರ್ಷ ಮೈಬಣ್ಣ ಗುರುತಿಸಲು ಹತ್ತು ಛಾಯೆಗಳ ಮಾಂಕ್ ಅಳತೆಪಟ್ಟಿ ಹೊರಬಂತು. ಇಷ್ಟು ತಡವಾದರೂ ಒಳ್ಳೆಯದೇ.

ಈಗಿನ ಹೊಸ ತೊಡಕು ಚಪ್ಪರದ ಎಲ್‌ಇಡಿ ದೀಪಗಳದ್ದು. ಅಗ್ಗದ ಎಲ್‌ಇಡಿ ಬೆಳಕಿನಲ್ಲಿ ಗಾಢ ಕೆಂಪು ಬಹಳ ಕಡಿಮೆ. ಮುಖ ರಕ್ತ ಇಲ್ಲದಂತೆ ಕಾಣುತ್ತದೆ. ಬೆಳಕಿನಲ್ಲೇ ಇಲ್ಲದ ಬಣ್ಣವನ್ನು ಆಮೇಲೆ ಕಂಪ್ಯೂಟರಿನಲ್ಲಿ ಸರಿಯಾಗಿ ತರಲು ಆಗುವುದಿಲ್ಲ. ಮೇಲೆ ಕೆಂಪು ಶಾಮಿಯಾನ ಇದ್ದರೆ ಹಗಲಿನಲ್ಲೂ ಬೇರೆ ಪಾಡು. ಅದಕ್ಕೇ ಫೋಟೋ ತೆಗೆಯುವ ಹುಡುಗರಿಗೆ ನಾನು ಹೇಳುವುದು ಇಷ್ಟೇ. ಧಾರೆಗೆ ಮೊದಲು ಹತ್ತು ನಿಮಿಷ ಕೇಳಿಕೊಳ್ಳಿ. ಹುಡುಗಿಯನ್ನು ಜಗಲಿಯ ಅಂಚಿಗೆ, ಬರೀ ಆಕಾಶದ ಬೆಳಕು ಬೀಳುವ ಕಡೆ ಕೂರಿಸಿ. ಗಲ್ಲದ ಕೆಳಗೆ ಬಣ್ಣ ಹೊಂದಿಸಲು ಬಳಸುವ ಬೂದು ಕಾರ್ಡ್ ಹಿಡಿದು ಒಂದು ಫೋಟೋ ತೆಗೆಯಿರಿ, ಕ್ಯಾಮೆರಾ ತಿದ್ದದೆ ಉಳಿಸುವ ರಾ ಫೈಲಿನಲ್ಲೇ. ಪಕ್ಕದಲ್ಲಿ ಅವಳ ಅಮ್ಮನನ್ನೂ ಕೂರಿಸಿ. ಡಿಸೈನ್‌ಗೆ ಕಳಿಸುವಾಗ ಆ ಫೋಟೋವನ್ನು ಎಲ್ಲಕ್ಕಿಂತ ಮೇಲೆ ಇಟ್ಟು ಕಳಿಸಿ.